ಬಾಣಂತಿಯ ಪಾಲಿನ ಉಂಡಿ

ಅಳ್ವಿ ಹುರಿಯುವ ವಾಸನೆ ಬಂದರೆ ನನಗೆ ಮೊದಲು ಬಾಯಲ್ಲಿ ನೀರೂರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಣ್ಣ ಕೆಂಪು ಕಾಳು ಕಬ್ಬಿಣದ ಬಾಣಲೆಯಲ್ಲಿ ಚಟಪಟ ಅಂದು, ತುಪ್ಪ, ಕೊಬ್ಬರಿ, ಉತ್ತತ್ತಿ, ಬೆಲ್ಲದ ಪಾಕ ಎಲ್ಲ ಕೂಡಿದ ಘಮ ತಿಳವಳ್ಳಿಯ ನಮ್ಮ ಮನೆಯಿಂದ ಹೊರಬಿದ್ದರೆ ಸಾಕು, ಯಾರೋ ಹೆತ್ತಿದ್ದಾರೆ ಅಂತ ಓಣಿಗೆಲ್ಲ ಗೊತ್ತಾಗುತ್ತಿತ್ತು. ಆ ಅಳ್ವಿ ಉಂಡಿ ಬಾಣಂತಿಗೆ ಮಾತ್ರ. ಮಕ್ಕಳು ಡಬ್ಬಿಯ ಹತ್ತಿರ ಸುಳಿಯುವಂತಿಲ್ಲ, ಅದರಲ್ಲೂ ಹೆಣ್ಣುಮಕ್ಕಳು. ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದಿರಬೇಕು. ಆದರೆ ಆಗ ನನಗೆ ಉಂಡಿಗಿಂತ ಗೋಡೆಯ ಆಸೆಯೇ ದೊಡ್ಡದು. ಕಾಳಿನ ಕೋಣೆಯ ಮಣ್ಣಿನ ಗೋಡೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದೆ. ಒಣ ಕೆಮ್ಮಣ್ಣು ನಾಲಿಗೆಯ ಮೇಲೆ ಕರಗುವ ಸುಖ, ಅಯ್ಯೋ, ಹೇಳತೀರದು! ಅವ್ವ ಬೆನ್ನಿಗೆ ಗುದ್ದಿದಳು, ಬೆರಳಿಗೆ ಬೇವಿನ ರಸ ಹಚ್ಚಿದಳು. ಕಟ್ಟೆ ಹತ್ತಿದರೆ ಏದುಸಿರು, ಶಾಲೆಯಲ್ಲಿ ನಿಂತಲ್ಲೇ ಕಣ್ಣಿಗೆ ಕತ್ತಲೆ. ಮುಖ ಬಿಳಿಚಿಕೊಂಡಿತ್ತು. ಮನೆಗೆ ಬಂದವರು "ಹುಡುಗಿ ಭಾಳ ಬೆಳ್ಳಗ ಆಗೇತಿ" ಅಂತ ಹೊಗಳಿ ಹೋಗುತ್ತಿದ್ದರು.

ಆ ವರ್ಷ ಅಪ್ಪನ ತಂಗಿ ನೀಲತ್ತಿ ಶಿಗ್ಗಾಂವಿಯಿಂದ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಕೊಟ್ಟದ್ದು ಕಾಳಿನ ಕೋಣೆಯನ್ನೇ. ಮಂಚದಲ್ಲಿ ಮಲಗಿಕೊಂಡೇ ಅವಳು ನಾನು ಗೋಡೆ ತಿನ್ನುವುದನ್ನು ನೋಡಿದಳು. ಬೈಯಲಿಲ್ಲ, ಹತ್ತಿರ ಕರೆದು ಕಣ್ಣಿನ ರೆಪ್ಪೆ ಜಗ್ಗಿ ನೋಡಿ, "ಅಣ್ಣಾ, ಇಕಿ ಮೈಯಾಗ ರಕ್ತಾನ ಇಲ್ಲೋ!" ಅಂತ ಕೂಗಿದಳು. ಅಪ್ಪ ಹಾನಗಲ್ಲಿನ ದವಾಖಾನೆಗೆ ಕರೆದುಕೊಂಡು ಹೋದ. ರಕ್ತ ಕಡಿಮೆ ಅಂದರು, ಗುಳಿಗೆ ಕೊಟ್ಟರು, ಸೊಪ್ಪು-ಕಾಳು ತಿನ್ನಿಸಿ, ಊಟದ ಜೊತೆ ಚಹಾ ಕೊಡಬೇಡಿ ಅಂದರು. ಮರುದಿನ ಅತ್ತಿ ಎಲ್ಲರೆದುರು ತನ್ನ ಡಬ್ಬಿ ತೆಗೆದು ಒಂದು ಉಂಡಿ ಮುರಿದು ಅರ್ಧ ನನ್ನ ಕೈಗಿಟ್ಟಳು. ಅಪ್ಪನ ಅವ್ವ, ನಮ್ಮ ಆಯಿ, ಹೌಹಾರಿದಳು.

"ಏ ನೀಲಾ, ತಲಿ ಕೆಟ್ಟೈತೇನ? ಉಷ್ಣ ಅದು. ಹುಡುಗಿ ಲಗೂನ ದೊಡ್ಡಾಕಿ ಆಗ್ತಾಳ!"

"ದೊಡ್ಡಾಕಿ ಆಗಾಕ ಮೊದಲು ಉಳಿಬೇಕಲ್ಲವ್ವಾ?"

"ಹಂಗಾರ ನಿನ್ನ ಪಾಲಿನಾಗ ಕೊಡು. ಮತ್ತ ಮಾಡಿ ಕೊಡೂದಿಲ್ಲ ನೋಡು."

"ನನ್ನ ಪಾಲಿನಾಗನ ಕೊಡ್ತೇನಿ ತಗೊ."

ಕೊಟ್ಟಳು. ಡಬ್ಬಿ ಬರಿದಾಗುವ ತನಕ ದಿನಾ ಅರ್ಧ ಅವಳಿಗೆ, ಅರ್ಧ ನನಗೆ. ರಾಜಗಿರಿ ಪಲ್ಯದ ಮೇಲೆ ತಾನೇ ನಿಂಬೆಹಣ್ಣು ಹಿಂಡುತ್ತಿದ್ದಳು, ರೊಟ್ಟಿಯ ಜೊತೆ ಆಯಿ ಕೊಟ್ಟ ಚಹಾವನ್ನು ಕಸಿದು ಬಚ್ಚಲಿಗೆ ಚೆಲ್ಲುತ್ತಿದ್ದಳು, ಗುಳಿಗೆ ನುಂಗಿದ್ದೇನೋ ಇಲ್ಲವೋ ಅಂತ ಬಾಯಿ ತೆರೆಸಿ ನೋಡುತ್ತಿದ್ದಳು. ಆಯಿ ಅವಳ ಜೊತೆ ಮಾತೇ ಬಿಟ್ಟಳು. ಕೂಸಿಗೆ ನೀರು ಎರೆಯುವಾಗಲೂ ಮುಖ ಆ ಕಡೆ! ಅತ್ತಿ ಬಗ್ಗಲಿಲ್ಲ. ಕೂಸನ್ನು ಎತ್ತಿಕೊಂಡು ಅವಳು ಗಂಡನ ಮನೆಗೆ ಹೊರಟ ದಿನ ನಾನು ಬಸ್‌ಸ್ಟ್ಯಾಂಡಿನ ತನಕ ಓಡಿದೆ, ದಾರಿಯಲ್ಲಿ ಎಲ್ಲೂ ದಣಿದು ಕುಳಿತುಕೊಳ್ಳಲಿಲ್ಲ. ಗೋಡೆ ತಿನ್ನುವುದು ಯಾವಾಗ ಬಿಟ್ಟುಹೋಯಿತೋ ನೆನಪಿಲ್ಲ. ಈಗ ಆ ಗೋಡೆಯೂ ಇಲ್ಲ. ಮನೆ ಕೆಡವಿ ಸಿಮೆಂಟಿನದು ಕಟ್ಟಿದ್ದಾರೆ.

ಹೋದ ವರ್ಷ ಅತ್ತಿ ತೀರಿಕೊಂಡಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವ ದಿನ ನಾನು ಅಳ್ವಿ ಉಂಡಿ ಕಟ್ಟಿಕೊಂಡು, ಮಗಳನ್ನೂ ಕರೆದುಕೊಂಡು ಶಿಗ್ಗಾಂವಿಗೆ ಹೋದೆ. ಶಾಲೆಯಲ್ಲಿ ತಪಾಸಣೆಗೆ ಬಂದವರು ಅವಳಿಗೂ ರಕ್ತ ಕಡಿಮೆ ಅಂದಿದ್ದರು, ಗುಳಿಗೆ ಶುರುವಾಗಿತ್ತು. ಹೋಳಿಗೆಯ ಪಕ್ಕ ಉಂಡಿ ಇಟ್ಟದ್ದೇ ತಡ, ಅತ್ತಿಯ ನಾದಿನಿ ಗದರಿದಳು: "ಯವ್ವಾ, ಬಾಣಂತಿ ಉಂಡಿ ಎಡಿಗೆ ಇಡ್ತಾರೇನ?"

"ನಾ ಇಡ್ತೇನ್ರಿ. ಆಕಿ ಪಾಲು ಆಕಿಗಿ ಕೊಡಾಕತ್ತೇನಿ. ಆವಾಗ ಅರ್ಧಾನ ತಿಂದಿದ್ಲು."

ಪೂಜೆ ಮುಗಿದ ಮೇಲೆ ಆ ಉಂಡಿಯನ್ನೇ ಎತ್ತಿ ಮುರಿದು, ಅರ್ಧ ಎಡೆಗೇ ತಿರುಗಿ ಇಟ್ಟು, ಅರ್ಧ ಮಗಳ ಕೈಗೆ ಕೊಟ್ಟೆ. ಹಿಂದಿನಿಂದ ಯಾರೋ "ಹೆಣ್ಣ ಹುಡುಗಿಗಿ ಉಷ್ಣ..." ಅಂತ ಶುರುಮಾಡಿದರು. "ಆಗಲಿ ಬಿಡ್ರಿ" ಅಂದೆ, ತಿರುಗಿ ಕೂಡ ನೋಡದೆ. ಮಗಳು ಬೆರಳು ನೆಕ್ಕಿ ಮುಗಿಸುವ ತನಕ ಅಲ್ಲೇ ಕುಳಿತಿದ್ದೆ. ಎಡೆಯಲ್ಲಿ ಉಳಿದ ಅರ್ಧ ಹಾಗೇ ಇತ್ತು. ತಿನ್ನಲು ಅತ್ತಿ ಇರಲಿಲ್ಲ.