ಎಡಮಗ್ಗುಲಿನ ಸ್ಟುಡಿಯೋ

ನಮ್ಮ ಚಿಕ್ಕಪ್ಪ ಸುಮ್ಮನೆ ಮಲಗುವ ಜಾಯಮಾನದವನೇ ಅಲ್ಲ. ತನ್ನ ಫೋಟೊ ಸ್ಟುಡಿಯೋದ ದೀಪ ಸರಿಮಾಡಲು ಹೋಗಿ, ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಎಡಮಗ್ಗುಲಲ್ಲೇ ಮಲಗಿರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಅವನಿಗೆ ನೋವಿಗಿಂತ ಸ್ಟುಡಿಯೋ ಬಾಗಿಲು ಹಾಕಿದ್ದೇ ದೊಡ್ಡ ಸಂಕಟ.

"ಇಲ್ಲಿಂದಾನೇ ನಡೆಸ್ತೀನಿ," ಎಂದ. ಸ್ಟುಡಿಯೋದ ಹಳೆ ಕಂಪ್ಯೂಟರ್ ಮಂಚದ ಕೆಳಗೆ ಬಂತು, ಪರದೆ ಸ್ಟೂಲಿನ ಮೇಲೆ ಕೂತಿತು. ಗಿರಾಕಿಗಳು ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಅವನ ವೆಬ್ ಪುಟಕ್ಕೆ ಹಾಕಿದರೆ ಸಾಕು. ಕಂಪ್ಯೂಟರ್ ಬೆಳಕು, ಬಣ್ಣ, ಅಳತೆ ತಿದ್ದುತ್ತದೆ, ಚಿಕ್ಕಪ್ಪ ಒಮ್ಮೆ ಕಣ್ಣಾಡಿಸಿ ವಾಪಸ್ ಕಳಿಸುತ್ತಾನೆ. ಬಾಡಿಗೆ ಕೊಟ್ಟು ಯಾವುದಾದರೂ ಕಂಪನಿಯ ಕಂಪ್ಯೂಟರಿನಲ್ಲೂ ಇದನ್ನು ನಡೆಸಬಹುದಿತ್ತು. "ನಂಬಿ ಕೊಟ್ಟ ಮುಖಗಳು ಕಣೇ, ಯಾರ್ಯಾರದೋ ಮನೇಲಿ ಇಡಕ್ಕಾಗಲ್ಲ," ಎಂದು ಚಿಕ್ಕಮ್ಮನಿಗೆ ಹೇಳಿದ. ಎಲ್ಲಿ, ಯಾವಾಗ ತೆಗೆದದ್ದು ಎಂದು ಫೋಟೊದೊಳಗೆ ಅಡಗಿರುವ ಮಾಹಿತಿಯೂ ಬಂದ ತಕ್ಷಣ ಅಳಿಸಿಹೋಗುವಂತೆ ಮಾಡಿದ. ಆಮೇಲೆ ಮೆಲ್ಲಗೆ, "ಇದೂ ಕೈಕೊಟ್ರೆ ಕ್ಯಾಮೆರಾ ಮಾರಿಬಿಡೋಣ," ಎಂದ.

ಶುರುವಾದ ದಿನವೇ ಪಕ್ಕದ ಬೀದಿಯ ಟೈಲರ್ ಮೊಬೈಲು ಹಿಡಿದು ನುಗ್ಗಿದ. "ಏನ್ ಸ್ವಾಮಿ, ನಮ್ಮಪ್ಪನ್ನ ಮಲಗಿಸಿಬಿಟ್ಟಿದ್ದೀರಲ್ಲ! ಅವ್ರಿನ್ನೂ ಗಟ್ಟಿಮುಟ್ಟಾಗಿದ್ದಾರೆ!" ಫೋಟೊದಲ್ಲಿ ಮುದುಕರು ಕುರ್ಚಿ ಸಮೇತ ಅಡ್ಡಬಿದ್ದಿದ್ದರು. ಬೆನ್ನಿಗೇ ಫೋನ್ ಮೇಲೆ ಫೋನ್. ಎಲ್ಲರ ಮನೆಯವರೂ ಅಡ್ಡಡ್ಡ.

"ನಾನು ನೋಡೇ ಕಳಿಸಿದ್ದು, ನೆಟ್ಟಗಿತ್ತು! ಇವರ ಮೊಬೈಲೇ ಸರಿಯಿಲ್ಲ," ಎಂದ ಚಿಕ್ಕಪ್ಪ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದಳು ಚಿಕ್ಕಮ್ಮ.

ಅವನ ಮುಖ ಸಣ್ಣದಾಯಿತು. "ಮಾರಿಬಿಡು ಕ್ಯಾಮೆರಾನ," ಎಂದು ಕಣ್ಣು ಮುಚ್ಚಿದ.

ನಮ್ಮ ಚಿಕ್ಕಮ್ಮನ ಬಾಯಿ ಜೋರು, ಕರುಳು ಮೆತ್ತಗೆ. ಟೈಲರ್ ಎದುರಿಗಿರುವುದನ್ನೂ ಮರೆತು ಗಂಡನ ಪಕ್ಕ ಅದೇ ಎಡಮಗ್ಗುಲಲ್ಲಿ ಒರಗಿ, ದಿಂಬಿಗೆ ತಲೆಯಿಟ್ಟು ಪರದೆ ನೋಡಿದಳು.

"ಅಯ್ಯೋ, ನೆಟ್ಟಗೇ ಇದಾರಲ್ರೀ!"

ಮಲಗಿದ ಕಣ್ಣಿಗೆ ಮಲಗಿದ ಫೋಟೊ ನೆಟ್ಟಗೆ ಕಂಡಿತ್ತು. ಅವಳು ಮಂಚ ಅಲುಗುವಂತೆ ನಕ್ಕಳು. ಬಿದ್ದ ಮೇಲೆ ಚಿಕ್ಕಪ್ಪ ನಕ್ಕದ್ದು ಅದೇ ಮೊದಲು. "ನಗಿಸ್ಬೇಡ್ವೇ, ಸೊಂಟ ನೋಯತ್ತೆ," ಎನ್ನುತ್ತಲೇ ನಕ್ಕ. ಫೋಟೊದ ಯಾವ ಕಡೆ ಮೇಲೆ ಎಂಬ ಸೂಚನೆಯೂ ಅವನು ಅಳಿಸಿದ ಮಾಹಿತಿಯಲ್ಲೇ ಸೇರಿತ್ತು. ಮೊದಲು ನೆಟ್ಟಗೆ ಮಾಡಿ, ಆಮೇಲೆ ಅಳಿಸುವಂತೆ ಬದಲಾಯಿಸಿದ. ಸಂಜೆಯೊಳಗೆ ಎಲ್ಲರಿಗೂ ಸರಿಯಾದ ಫೋಟೊ ಹೋಯಿತು, ಚಿಕ್ಕಮ್ಮ ನಿಂತು ನೋಡಿ ಒಪ್ಪಿದ ಮೇಲೆಯೇ.

ಕೊನೆಗೆ ಅವಳು ಕ್ಯಾಮೆರಾ ಒರೆಸಿ, ಎದ್ದು ನಿಂತರೆ ಮಾತ್ರ ಅವನ ಕೈಗೆಟಕುವ ಮೊಳೆಗೆ ನೇತುಹಾಕಿದಳು.

"ಊರವರನ್ನೆಲ್ಲ ಎಬ್ಬಿಸಿ ಕೂರಿಸಿದ್ದಾಯ್ತು," ಎಂದಳು. "ಇನ್ನು ನೀವೊಬ್ರು ಬಾಕಿ."