ಶೇಂಗಾ ಹೋಳಿಗೆ ಮತ್ತು ಬೇಸ್‌ಬಾಲ್

ಜರ್ಮನಿಯ ಹೈಡೆಲ್‌ಬರ್ಗಿನ ನಮ್ಮ ಆಫೀಸಿನ ಮ್ಯಾನೇಜರ್ ಸ್ಟೆಫಾನ್‌ಗೆ ಅಮೆರಿಕದ ಬೇಸ್‌ಬಾಲ್ ಹುಚ್ಚು. ಅವನ ಮೆಚ್ಚಿನ ತಂಡ ತನ್ನ ಸ್ಟಾರ್ ಬ್ಯಾಟರನ್ನು ಉಳಿಸಿಕೊಳ್ಳದೆ ಬೇರೆ ತಂಡಕ್ಕೆ ಕೊಟ್ಟುಬಿಡುತ್ತದಂತೆ. ‘ಇಷ್ಟು ವರ್ಷ ದುಡಿದವನನ್ನ ಹೀಗೆ ಕೈಬಿಡೋದಾ? ಮನುಷ್ಯತ್ವ ಬೇಡವಾ?’ ಅಂತ ಕ್ಯಾಂಟೀನಿನಲ್ಲಿ ಟೇಬಲ್ ಕುಟ್ಟಿದ.

ನನಗೆ ಮೈಯೆಲ್ಲ ಉರಿಯಿತು. ನನ್ನ ಜೊತೆ ಇದೇ ಆಫೀಸಿನಲ್ಲಿ ದುಡಿಯುವ ಧಾರವಾಡದ ಬಸವರಾಜನಿಗೆ ಅವತ್ತು ಬೆಳಿಗ್ಗೆ ‘ನಿನ್ನ ಕಾಂಟ್ರಾಕ್ಟ್ ಮುಂದುವರಿಸಲ್ಲ’ ಅಂದದ್ದು ಇದೇ ಬಾಯಿ. ಈಗ ಅದು ಜಗಿಯುತ್ತಿದ್ದದ್ದು ಬಸವರಾಜ ಮನೆಯಲ್ಲಿ ಮಾಡಿ ತಂದಿದ್ದ ಶೇಂಗಾ ಹೋಳಿಗೆ. ‘ಸ್ಟೆಫಾನ್‌ಗ ಭಾಳ ಸೇರ್ತದ, ಅವಂಗೂ ಕೊಡಪಾ’ ಅಂತ ಡಬ್ಬಿಯನ್ನು ನನ್ನ ಕೈಗಿಟ್ಟು ಹೋಗಿದ್ದ.

‘ಇನ್ನೊಂದು ಇದೆಯಾ?’ ಅಂತ ಸ್ಟೆಫಾನ್ ಕೈ ಚಾಚಿದ.

ಡಬ್ಬಿ ಮುಚ್ಚಿದೆ. ‘ಹೋಳಿಗೆ ಕಾಂಟ್ರಾಕ್ಟೂ ಮುಗೀತು’ ಅಂದೆ.

ನನ್ನ ಕಾಂಟ್ರಾಕ್ಟ್ ಮುಗಿಯೋದು ಮುಂದಿನ ತಿಂಗಳು. ನನಗೆ ಹೋಳಿಗೆ ಮಾಡೋಕೂ ಬರಲ್ಲ.