ಸಿಂಗಾಪುರದ ಹತ್ತನೆಯ ಹೆಸರು

ಬೀದರಿನ ಹಳೆ ಊರಿನಲ್ಲಿ ಅಬ್ದುಲ ಗಫೂರನ ಕಾರ್ಖಾನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ಅವನ ಸಿಟ್ಟಿನ ಬಗ್ಗೆ ಎಚ್ಚರಿಸಿ ಆಮೇಲೆ ದಾರಿ ತೋರಿಸುತ್ತಾರೆ. ಕಾರ್ಖಾನೆ ಎಂದರೆ ಚಿಮಣಿ, ಗೇಟು ಏನಿಲ್ಲ. ಬಿದ್ರಿ ಕೆಲಸದವರು ಕೂರುವ ಒಂದು ಕೋಣೆ, ಅಷ್ಟೇ. ಅಂಗಡಿಗೆ ಬಂದವರು ಹೂದಾನಿ ಹಿಡಿದು "ಇದು ಬಣ್ಣ ಬಳದದ್ದೇನ್ರಿ?" ಎಂದರೆ ಮುಗಿಯಿತು. ಹೂದಾನಿ ಒಳಗೆ ಹೋಗುತ್ತದೆ, ಗಿರಾಕಿ ಹೊರಗೆ ಹೋಗುತ್ತಾನೆ. ಅರವತ್ತಕ್ಕೆ ಎರಡು ವರ್ಷ ಕಡಿಮೆಯಿರುವ ಈ ಮನುಷ್ಯ ಹೀಗೆ ಎಷ್ಟು ವ್ಯಾಪಾರ ಕೆಡಿಸಿಕೊಂಡಿದ್ದಾನೋ ದೇವರೇ ಬಲ್ಲ.

ಅಂಥ ಗಫೂರನೂ ತುಟಿಪಿಟಕ್ಕೆನ್ನದೆ ಕೂರುವುದು ಒಬ್ಬರೆದುರಿಗೆ ಮಾತ್ರ. ಅವರು ಅವನ ತಾಯಿ ರಹೀಮುನ್ನಿಸಾ. ಗಫೂರನ ತಂದೆ ಇದ್ದಾಗ ಸತುವಿನ ಪಾತ್ರೆಯಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವುದು ಗಂಡಸರ ಕೆಲಸವಾಗಿತ್ತು, ಅದನ್ನು ಅರದಿಂದ ಉಜ್ಜಿ ಸಮ ಮಾಡುವುದು ರಹೀಮುನ್ನಿಸಾರ ಪಾಲು. ಉಜ್ಜಿದ ಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದರು. ಬೆಳ್ಳಿ ಎಲ್ಲಿ ಮುಗಿದು ಸತುವು ಎಲ್ಲಿ ಶುರುವಾಯಿತು ಎಂಬುದು ಬೆರಳಿಗೆ ತಿಳಿಯಬಾರದು. ತಿಳಿದರೆ ಮಾಲು ವಾಪಸ್. ಚಿಕ್ಕಂದಿನಲ್ಲಿ ಗಫೂರ ಒಂದೇ ಅಡಿಕೆ ಡಬ್ಬಿಯನ್ನು ನಾಲ್ಕು ಸಲ ವಾಪಸ್ ಪಡೆದು ಅತ್ತದ್ದೂ ಉಂಟು. ಈಗ ತಂದೆ ಇಲ್ಲ. ಎಂಬತ್ತೊಂದರ ತಾಯಿಗೆ ಕಣ್ಣೂ ಇಲ್ಲ, ಎರಡೂ ಮಂಜಾಗಿ ಆರೇಳು ವರ್ಷವಾಯಿತು. ಆದರೆ ಆ ಬೆರಳು ಇನ್ನೂ ನೌಕರಿಯಲ್ಲಿದೆ.

ರಹೀಮುನ್ನಿಸಾ ತಂದೆಯ ಮುಖ ನೋಡಿದವರಲ್ಲ. ಅವರು ಹುಟ್ಟಿ ನಲವತ್ತು ದಿನ ತುಂಬುವಷ್ಟರಲ್ಲಿ ತಂದೆ ಫಿರೋಜ ಎರಡನೆಯ ಮಹಾಯುದ್ಧಕ್ಕೆಂದು ಹೈದರಾಬಾದಿನ ಪಲ್ಟನ್ ಜೊತೆ ಹಡಗು ಹತ್ತಿದ್ದ. ಮರುವರ್ಷ ಫೆಬ್ರುವರಿ ಹದಿನೈದಕ್ಕೆ ಸಿಂಗಾಪುರ ಎಂಬ ದ್ವೀಪ ಜಪಾನಿನವರ ಕೈಸೇರಿತು. ಅಲ್ಲಿಂದ ಮುಂದೆ ಕಾಗದವಿಲ್ಲ, ಸುದ್ದಿಯಿಲ್ಲ, ಮಣ್ಣು ಕೊಡಲು ಹೆಣವಿಲ್ಲ. ಒಂದೆರಡು ವರ್ಷ ಕಾದ ರಹೀಮುನ್ನಿಸಾರ ತಾಯಿ ಆ ತಾರೀಖನ್ನೇ ಗಂಡ ಸತ್ತ ದಿನವೆಂದು ಹಿಡಿದಳು. ಅವತ್ತಿನಿಂದ ಪ್ರತಿ ಫೆಬ್ರುವರಿ ಹದಿನೈದಕ್ಕೆ ಮನೆಯಲ್ಲಿ ಬೆಲ್ಲದ ಸಿಹಿ ಅನ್ನ ಮಾಡಿ ಅವನ ಹೆಸರಿನಲ್ಲಿ ಫಾತೆಹಾ ಓದುತ್ತಾರೆ. "ನಮ್ಮ ಅಬ್ಬಾ ಸಿಂಗಾಪುರದಾಗ ಶಹೀದ ಆದ" ಎನ್ನುವ ಮಾತೊಂದೇ ರಹೀಮುನ್ನಿಸಾರಿಗೆ ತಂದೆಯ ಕಡೆಯಿಂದ ಬಂದ ಆಸ್ತಿ. ಮದುವೆಯಾದ ಮೇಲೆ ಅತ್ತೆ ಚುಚ್ಚಿದಾಗಲೂ, ಗಂಡ ಕೈ ಎತ್ತಿದಾಗಲೂ ಅವರು ಆ ಮಾತನ್ನೇ ಎದುರಿಗೆ ಹಿಡಿದರಂತೆ.

ಹೀಗಿರುವಾಗ ಆ ಯುದ್ಧಕ್ಕೆ ಎಂಬತ್ತು ವರ್ಷ ತುಂಬುವ ಹೊತ್ತಿಗೆ ಭಾಲ್ಕಿಯಲ್ಲಿ ಒಂದು ಸ್ಮರಣ ಸಮಿತಿ ಹುಟ್ಟಿತು. ಕಾಶೀನಾಥ ಎಂಬ ನಿವೃತ್ತ ಮಾಸ್ತರರು ಅದರ ಕೈಕಾಲು ಎಲ್ಲ. ಬೀದರ, ಭಾಲ್ಕಿ, ಔರಾದ ಕಡೆಯಿಂದ ಹೋಗಿ ಸಿಂಗಾಪುರದಲ್ಲಿ ಸತ್ತವರ ಹೆಸರು ಹುಡುಕಿ, ಅವನ್ನೆಲ್ಲ ಒಂದು ಬಿದ್ರಿ ಫಲಕದಲ್ಲಿ ಬೆಳ್ಳಿಯಿಂದ ಬರೆಸಬೇಕು ಎಂಬುದು ಅವರ ಆಸೆ. ಕೆಲಸ ಗಫೂರನಿಗೇ ಬಂತು. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ಪಟ್ಟಿ ಕೈಗೆ ಬರುವ ಮೊದಲೇ ಒಳಗೆ ಹೋಗಿ ತಾಯಿಗೆ ಹೇಳಿಬಿಟ್ಟ, "ಅಮ್ಮಿ, ನಾನಾನ ಹೆಸರು ಚಾಂದಿಯಾಗ ಬರೀಲಾಕತ್ತೀನಿ." ಮನೆಯ ಮಾತು ದಖ್ನಿ, ಇಲ್ಲಿ ಬೀದರಿನ ಕನ್ನಡದಲ್ಲೇ ಕೇಳಿಸಿಕೊಳ್ಳಬೇಕು; ನಾನಾ ಎಂದರೆ ತಾಯಿಯ ತಂದೆ, ಚಾಂದಿ ಎಂದರೆ ಬೆಳ್ಳಿ.

ಮುದುಕಿ, "ಹದಿನೈದನೇ ತಾರೀಖಿಗೆ ನಾನೂ ಬರ್ತೇನಿ. ಅಲ್ಲಿತನಕ ನಾ ಆ ಫಲಕ ಮುಟ್ಟಂಗಿಲ್ಲ. ಅವತ್ತ ನನ್ನ ಬೆರಳ ತಗೊಂಡು ಅಬ್ಬಾನ ಹೆಸರಿನ ಮ್ಯಾಲ ಇಡು, ಸಾಕು" ಎಂದರು.

ನಾಲ್ಕು ದಿನ ಬಿಟ್ಟು ಕಾಶೀನಾಥ ಮಾಸ್ತರರು ಪಟ್ಟಿ ತಂದರು. ಒಂಬತ್ತು ಹೆಸರು. ಗಫೂರ ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ಭಾಲ್ಕಿಯ ಮೋಶೆ ಇದ್ದ, ದವಾಖಾನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನು. ಔರಾದದವರು ಮೂವರಿದ್ದರು. ಐದನೆಯ ಸಾಲಿನಲ್ಲಿ ಮೆಹಕರದ ಧೊಂಡಿಬಾ ಇದ್ದ, ಕುರಿ ಕಾಯುವ ಮನೆತನದವನು. ಫಿರೋಜ ಮಾತ್ರ ಇರಲಿಲ್ಲ.

"ಎಷ್ಟನೇದು ಅದ ಮಗಾ, ಅಬ್ಬಾಂದು?" ಒಳಗಿನಿಂದ ತಾಯಿಯ ಧ್ವನಿ ಬಂತು.

"ಐದನೇದು ಅಮ್ಮಿ" ಎಂದ ಗಫೂರ. ಬಾಯಿಗೆ ಬಂದದ್ದು ಅದು. ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಮಾಸ್ತರರನ್ನು ಓಣಿಯ ತುದಿಗೆ ಕರೆದೊಯ್ದು ಕೇಳಿದ. ಅವರು ಬಗಲ ಚೀಲದಿಂದ ಹಳೆಯ ದಾಖಲೆಯ ನಕಲೊಂದನ್ನು ತೆಗೆದರು. ಕೊಡಲೋ ಬೇಡವೋ ಎಂದು ಅದನ್ನು ಹಿಡಿದುಕೊಂಡೇ ನಿಂತರು.

"ನಿಮ್ಮ ನಾನಾ ಅಂತ ನನಗ ಗೊತ್ತಿರ್ಲಿಲ್ರಿ ಗಫೂರಸಾಬ್. ಫೆಬ್ರುವರಿ ಹನ್ನೊಂದಕ್ಕ ಪಹರೆ ಬಿಟ್ಟು ಹೋದ, ಪತ್ತೆ ಇಲ್ಲ ಅಂತ ಬರದಾರ. ಆ ಪಹರೆದಾಗ ಇಬ್ರೇ ಇದ್ರಂತ. ಇನ್ನೊಬ್ಬವ ಅಲ್ಲೇ ನಿಂತ, ಮುಂಜಾನಿ ಹೆಣಾಗಿ ಸಿಕ್ಕ."

"ಯಾರ್ರಿ ಅಂವ?"

"ಧೊಂಡಿಬಾ. ಅವನ ಮಗಳು ಭೀಮಬಾಯಿ ಇನ್ನೂ ಇದ್ದಾಳ್ರಿ. ಕಾರ್ಯಕ್ರಮಕ್ಕ ಬರ್ಲಾಕತ್ತಾಳ."

ಗಫೂರನ ಸಿಟ್ಟು ನೆತ್ತಿಗೇರಿತು. ಯಾವನೋ ಕಾರಕೂನ ಕೂತಲ್ಲೇ ಗೀಚಿದ್ದನ್ನು ಹಿಡಕೊಂಡು ಬಂದು ನಮ್ಮ ಮನೆತನದ ಮರ್ಯಾದೆ ತೆಗೆಯುತ್ತೀರಾ ಎಂದು ಓಣಿಯೇ ತಿರುಗಿ ನೋಡುವಂತೆ ಕೂಗಾಡಿದ. ಮಾಸ್ತರರು ಎದುರಾಡಲಿಲ್ಲ. ಅವರು ಎದುರಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ನಿಂತದ್ದರಿಂದ ಗಫೂರನ ಮಾತೆಲ್ಲ ತಿರುಗಿ ಅವನಿಗೇ ಕೇಳಿಸಿತು. ಕಾರಕೂನನ ಬರಹ ಸುಳ್ಳಿರಬಹುದು. ಹಾಗೆಯೇ ನಿಜವೂ ಇರಬಹುದು.

ಕೊನೆಗೆ ಅವನು ಇಷ್ಟೇ ಕೇಳಿದ, "ಅವತ್ತ ಹೆಸರು ಕೂಗಿ ಓದಬ್ಯಾಡ್ರಿ. ನಮ್ಮ ಅಮ್ಮಿ ಬರ್ತಾಳ."

ಮಾಸ್ತರರು ಯೋಚಿಸಿ, "ಎರಡು ನಿಮಿಷ ಮೌನ ಇಡ್ತೇನ್ರಿ. ಓದಂಗಿಲ್ಲ" ಎಂದು ಮಾತು ಕೊಟ್ಟರು.

ಮುಂದಿನ ದಿನಗಳಲ್ಲಿ ಗಫೂರ ಒಂದೊಂದೇ ಹೆಸರು ಕೊರೆಯುತ್ತ ಹೋದ. ಕೈ ಕೆಲಸ ಮಾಡುತ್ತಿತ್ತು, ತಲೆ ಮಾತ್ರ ಸಿಂಗಾಪುರದ ಪಹರೆಯಲ್ಲಿತ್ತು. ಓಡಿದನೇ? ಹೆದರಿ ಓಡಿದನೇ? ಹೆಂಡತಿ, ಹಸುಗೂಸು ನೆನಪಾಗಿ ಓಡಿದನೇ? ಜೊತೆಯವನಿಗೆ ಒಂದು ಮಾತು ಹೇಳಿ ಹೋದನೇ, ಅಥವಾ ಹೇಳದೆಯೇ? ಐದನೆಯ ಸಾಲಿಗೆ ಬಂದಾಗ ಉಳಿ ಜಾರಿ ಹೆಬ್ಬೆರಳನ್ನು ಕೊಯ್ದಿತು. ನಲವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಸುಲಭದ ದಾರಿ ಒಂದಿತ್ತು. ಅಂದು ತಾಯಿಯ ಬೆರಳನ್ನು ಐದನೆಯ ಸಾಲಿನ ಮೇಲಿಟ್ಟು "ಇದೇ ಅಮ್ಮಿ" ಎಂದರಾಯಿತು. ಒಳ್ಳೆಯ ಕೆಲಸದಲ್ಲಿ ಅಕ್ಷರ ಬೆರಳಿಗೆ ತಿಳಿಯುವುದೇ ಇಲ್ಲ. ಯಾವ ಹೆಸರಾದರೇನು? ಆದರೆ ಓಡಿದವನ ಮಗಳ ಬೆರಳನ್ನು ನಿಂತು ಸತ್ತವನ ಹೆಸರಿನ ಮೇಲಿಡುವುದು, ಅದೂ ಸತ್ತವನ ಮಗಳ ಕಣ್ಣೆದುರಿಗೇ? ಆ ದಾರಿಯನ್ನು ಗಫೂರ ಅಲ್ಲಿಗೇ ಬಿಟ್ಟ. ಪಟ್ಟಿಯ ಕೊನೆಗೆ ಕಳ್ಳತನದಿಂದ ಫಿರೋಜನ ಹೆಸರನ್ನೂ ಬೆಳ್ಳಿಯಲ್ಲಿ ಸೇರಿಸಬಹುದಿತ್ತು. ಕಪ್ಪು ಏರಿಸುವ ತನಕ ಬಿದ್ರಿ ಕೆಲಸದಲ್ಲಿ ಬೆಳ್ಳಿಯೂ ಸತುವೂ ಒಂದೇ ಬಣ್ಣ. ನಡುವೆ ನೋಡಲು ಬಂದ ಮಾಸ್ತರರಿಗೆ ಒಂದಕ್ಷರವೂ ಕಂಡಿರಲಿಲ್ಲ, ಕನ್ನಡಕ ಒರೆಸಿ ಒರೆಸಿ ಸಾಕಾಗಿ ಹೋಗಿದ್ದರು. ಆದರೂ ಮನಸ್ಸು ಒಪ್ಪಲಿಲ್ಲ.

ಮೂರು ದಿನ ಹೀಗೇ ಕಳೆದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಒಂಬತ್ತನೆಯ ಹೆಸರಿನ ಕೆಳಗೆ, ಅಂಚಿಗೆ ಹತ್ತಿರ, ತಾಯಿ ಬಲ್ಲ ಉರ್ದು ಅಕ್ಷರಗಳಲ್ಲಿ ಫಿರೋಜ ಎಂದು ಕೊರೆದ. ಬೆಳ್ಳಿ ತುಂಬಲಿಲ್ಲ. ಗೆರೆಯನ್ನು ಖಾಲಿ ಬಿಟ್ಟ. ಕೋಟೆಯ ಮಣ್ಣಿಗೆ ನವಸಾಗರದ ಉಪ್ಪು ಬೆರೆಸಿ ಕಾಸಿ ತಿಕ್ಕಿದಾಗ ಫಲಕ ಕಾಡಿಗೆಯಂತೆ ಕಪ್ಪಾಯಿತು, ಒಂಬತ್ತು ಹೆಸರು ಬೆಳ್ಳಗೆ ಎದ್ದು ಬಂದವು. ಹತ್ತನೆಯದು ಕಪ್ಪಿನೊಳಗೆ ಕಪ್ಪಾಗಿ ಅಡಗಿತು. ಕಣ್ಣಿದ್ದವರಿಗೆ ಕಾಣುವುದಿಲ್ಲ, ಕಣ್ಣಿಲ್ಲದ ತಾಯಿಗೆ ಮಾತ್ರ ಬೆರಳಿಂದ ಓದಲು ಬರುತ್ತದೆ. ಸತ್ತವರಿಗೂ ಮೋಸವಿಲ್ಲ, ತಾಯಿಗೂ ನೋವಿಲ್ಲ. ಗಫೂರ ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಹದಿನೈದಕ್ಕೆ ಭಾಲ್ಕಿಯ ಒಂದು ಶಾಲೆಯ ಸಭಾಂಗಣದಲ್ಲಿ ನೂರು ಜನ ಸೇರಿದ್ದರು. ಮೋಶೆಯ ಮನೆಯವರು ಚರ್ಚಿನಿಂದ ಹೂವು ತಂದಿದ್ದರು. ಮಾಸ್ತರರು ಮಾತು ಉಳಿಸಿಕೊಂಡರು. ಪರದೆ ಸರಿಸಿದರು, ಹೆಸರು ಓದಲಿಲ್ಲ, ಎಲ್ಲರೂ ಎರಡು ನಿಮಿಷ ತಲೆ ತಗ್ಗಿಸಿ ನಿಂತರು. ಆಮೇಲೆ ಒಬ್ಬೊಬ್ಬರೇ ಫಲಕದ ಹತ್ತಿರ ಹೋದರು.

ಗಫೂರ ತಾಯಿಯನ್ನು ಕರೆದೊಯ್ದು, "ಐದನೇದು ಅಂದಿದ್ದು ತಪ್ಪು ಅಮ್ಮಿ, ಕಡೀದು" ಎಂದು ಅವರ ಬೆರಳನ್ನು ಕೆಳಗಿನ ಅಂಚಿಗೆ ತಂದಿಟ್ಟ. ಬೆರಳು ಗೆರೆಯೊಳಗೆ ಇಳಿಯಿತು. ನಿಧಾನವಾಗಿ ಬಲದಿಂದ ಎಡಕ್ಕೆ ಸರಿಯಿತು. ಕೊನೆಯ ಅಕ್ಷರ ಮುಗಿದ ಮೇಲೆ ಅಲ್ಲೇ ನಿಂತಿತು. ತಾಯಿಯ ಮುಖ ಅರಳುವುದನ್ನು ನೋಡಲು ಗಫೂರ ಕಾದ. ಆ ಮುಖ ಅರಳಲಿಲ್ಲ. ಮುದುಕಿ ಬೆರಳನ್ನು ಮೇಲಕ್ಕೆ ಸರಿಸಿದರು, ಇಡೀ ಫಲಕದ ಮೇಲೆ ಸಾಲು ಸಾಲಾಗಿ ಆಡಿಸಿದರು. ಎಲ್ಲ ಕಡೆ ನುಣುಪು. ಮತ್ತೆ ಕೆಳಗಿಳಿದು ಅದೇ ಗೆರೆಗೆ ಬಂದರು.

ಆಗ ಪಕ್ಕದಲ್ಲಿ ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬಳು ಬಂದು ನಿಂತಳು. ಮೆಹಕರದ ಭೀಮಬಾಯಿ. ಅಕ್ಷರ ಬಾರದವಳು. ಮಾಸ್ತರರು ಅವಳ ಕೈಯನ್ನು ಐದನೆಯ ಸಾಲಿಗೆ ಮುಟ್ಟಿಸಿ, "ಇದು ನಿಮ್ಮಪ್ಪನ ಹೆಸರವ್ವಾ, ಧೊಂಡಿಬಾ" ಎಂದರು. ಅವಳು ಸವರಿದಳು, ಮತ್ತೆ ಸವರಿದಳು.

"ಕೈಗಿ ಏನೂ ಹತ್ತವಲ್ದಲ್ರಿ" ಎಂದಳು. ಅವಳ ಧ್ವನಿ ಸಣ್ಣದಾಗಿತ್ತು.

ಉತ್ತರ ಕೊಟ್ಟವರು ರಹೀಮುನ್ನಿಸಾ. "ಹತ್ತಬಾರ್ದು ತಂಗಿ. ಚಾಂದಿ ಪೂರಾ ತುಂಬಿದ ಕೆಲಸ ಕೈಗಿ ಹತ್ತಂಗಿಲ್ಲ. ನಿಮ್ಮಪ್ಪಗ ಛಲೋ ಚಾಂದಿ ಹಾಕ್ಯಾನ ನನ್ನ ಮಗ."

"ಹಂಗೇನ್ರಿ ಅಕ್ಕಾ? ನಿಮ್ಮಪ್ಪಂದೂ ಅದ ಏನ್ರಿ ಇದ್ರಾಗ?"

"ಅದ. ನಮ್ಮಪ್ಪಂದು ಕೈಗಿ ಹತ್ತತದ."

ಗಫೂರನಿಗೆ ಆಗ ತನ್ನ ತಪ್ಪು ತಿಳಿಯಿತು. ಅಕ್ಷರ ಕೊರೆಯುವಾಗ ಅವನಿಗೆ ತಾಯಿ ಕುರುಡಿ ಎಂಬುದು ನೆನಪಿತ್ತು, ಅರವತ್ತು ವರ್ಷ ಬಿದ್ರಿ ಉಜ್ಜಿದವರು ಎಂಬುದೇ ಮರೆತುಹೋಗಿತ್ತು. ಖಾಲಿ ಗೆರೆ ಎಂದರೆ ಬೆಳ್ಳಿ ಕೊಡದ ಹೆಸರು ಎಂದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಕಾಶೀನಾಥ ಮಾಸ್ತರರ ದಾಖಲೆಯನ್ನು ಬಚ್ಚಿಡಲು ಹೋಗಿ ಅದನ್ನೇ ಸತುವಿನಲ್ಲಿ ಕೊರೆದು ತಾಯಿಯ ಬೆರಳ ಕೆಳಗೆ ಇಟ್ಟುಬಿಟ್ಟಿದ್ದ ಈ ಜಾಣ.

ಬೀದರಿನ ಬಸ್ಸಿನಲ್ಲಿ ತಾಯಿ ಕಿಟಕಿಯ ಕಡೆ ಕೂತರು. ಬಸ್ಸು ಭಾಲ್ಕಿ ದಾಟಿದ ಮೇಲೆ ಕೇಳಿದರು, "ಚಾಂದಿ ಯಾಕ ಹಾಕಲಿಲ್ಲ ಅವನಿಗಿ?"

ಇನ್ನು ಸುಳ್ಳು ಹೇಳಲು ಗಫೂರನಿಗೆ ನಾಲಿಗೆ ಹೊರಳಲಿಲ್ಲ. ಹನ್ನೊಂದನೇ ತಾರೀಖು, ಪಹರೆ, ಧೊಂಡಿಬಾ, ಎಲ್ಲವನ್ನೂ ಹೇಳಿದ. ತಾಯಿ ಅಳಲಿಲ್ಲ, ಬೈಯಲಿಲ್ಲ. ಗಫೂರನಿಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ, ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದ.

"ಓಡಿದ್ರ ಮನಿ ಕಡಿಗಿ ಓಡಬೇಕಿತ್ತಲ್ಲೋ ಮಗಾ" ಎಂದರು ತಾಯಿ. "ಎಂಬತ್ತು ವರ್ಷ ಆಯ್ತು, ಇನ್ನೂ ಬಂದಿಲ್ಲಲ್ಲ."

ಓಡಿಹೋದ ತಂದೆ ಎಂಬ ಅವಮಾನಕ್ಕೆ ತಾಯಿ ಕುಗ್ಗುತ್ತಾರೆಂದು ಗಫೂರ ಇಷ್ಟು ದಿನ ಹೆದರಿದ್ದ. ಸತ್ತವನು ಬರಲಾರ, ಓಡಿದವನು ಬರಬಹುದಿತ್ತು. ತಾಯಿಯನ್ನು ಕೊಯ್ದದ್ದು ಇದು. ಇದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದಾಗ ಸಂಜೆಯ ಮಗ್ರಿಬ್ ನಮಾಜಿಗೆ ಇನ್ನೂ ಹೊತ್ತಿತ್ತು. ತಾಯಿ ಗೋಡೆ ಹಿಡಿದು ಅಡುಗೆಮನೆಗೆ ಹೋದರು, ಡಬ್ಬಿ ತೆರೆದ ಸದ್ದಾಯಿತು. ಗಫೂರ ಬಾಗಿಲಲ್ಲಿ ನಿಂತು, "ಈ ವರ್ಷ ಫಾತೆಹಾ ಬ್ಯಾಡ ಬಿಡು ಅಮ್ಮಿ, ದಣದೀ" ಎಂದ.

"ಬರ್ಲಾಕತ್ತಿದ್ದ ಅಂವ" ಎಂದರು ರಹೀಮುನ್ನಿಸಾ, ಅಕ್ಕಿ ಅಳೆಯುತ್ತ. "ಹಾದ್ಯಾಗ ಸತ್ತಾನ. ಬೆಲ್ಲ ಎಲ್ಲಿಟ್ಟೀದಿ, ಕೊಡು."